ಮಗಳಿಗೆ ಜಾತಿ ಕಲಿಸಿದ ದಾರಿ

ಇಂಡಿಯಿಂದ ನಾಲತವಾಡದ ಶಾಲೆಗೆ ನನಗೆ ವರ್ಗವಾದಾಗ ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಬಾಣಂತಿ ಹೆಂಡತಿಯನ್ನು ತವರಿನಲ್ಲಿ ಬಿಟ್ಟು, ಏಳು ವರ್ಷದ ಮಗಳು ಶಾಂತಾಳೊಂದಿಗೆ ಬೆಳಗಿನ ಬಸ್ಸು ಹಿಡಿದೆ. ಅವಳಿಗೆ ಅರ್ಧ ಟಿಕೆಟ್. ಅವಳು ಊರು ಬಿಟ್ಟು ಹೊರಟದ್ದು ಅದೇ ಮೊದಲು. ನಾನು ಕಲಿಸುತ್ತಿದ್ದ ಶಾಲೆಯೂ ನಮ್ಮ ಕೇರಿಯಲ್ಲೇ ಇತ್ತು. ಅಲ್ಲಿ ಎಲ್ಲರೂ ನಮ್ಮವರೇ. ನೀನು ಯಾರು ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಜೂನಿನ ಮಿರಗದ ಮಳೆ ಇನ್ನೂ ಬಿದ್ದಿರಲಿಲ್ಲ. ಸಿಂದಗಿಯವರೆಗಿನ ಮೂವತ್ತು ಮೈಲಿಯೂ ಎರೆಮಣ್ಣಿನ ಧೂಳು. ಅಲ್ಲಿ ಇಳಿದು, ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ತಿಂದು ಬಾಗೇವಾಡಿ ಬಸ್ಸು ಹತ್ತಿದೆವು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಶಾಂತಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕೆದರಿದ ಜಡೆ ಹೆಣೆದಳು, ಕೈಗೊಂದು ಶೇಂಗಾ ಉಂಡಿ ಕೊಟ್ಟಳು. ಹೂವಿನ ಹಿಪ್ಪರಗಿ ದಾಟುವಾಗ ಕೇಳಿದಳು:

“ಇಂಡ್ಯಾಗ ನಿಮ್ಮ ಮನಿ ಎಲ್ಲಿ ಬರತೈತಿ, ನನ್ನವ್ವ?”

“ಹೊಲಗೇರ್ಯಾಗ್ರಿ, ಆಯಿ,” ಎಂದಳು ಮಗಳು, ಪಾಠ ಒಪ್ಪಿಸುವ ಹುರುಪಿನಲ್ಲಿ.

ಮುದುಕಿ ಅವಳನ್ನು ತೊಡೆಯಿಂದ ಕೆಳಗಿಳಿಸಿದಳು. ನನ್ನತ್ತ ನೋಡದೆ ಕಂಡಕ್ಟರನಿಗೆ, “ಇವರನ್ನ ಎಬ್ಬಸ್ರಿ,” ಎಂದಳು.

“ಏಳ್ರಿ, ಸುಮ್ಮ ಜಗಳ ಬ್ಯಾಡ,” ಎಂದ ಅವನು ನನಗೆ.

ಇದು ಅಪರಾಧ ಎನ್ನುವ ಕಾಯ್ದೆ ನನಗೆ ಗೊತ್ತಿತ್ತು. ಎದ್ದು ನಿಂತೆ.

ಬಸವನ ಬಾಗೇವಾಡಿಯ ತನಕ ನಿಂತೇ ಹೋದೆವು. ಮುದ್ದೇಬಿಹಾಳದ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಬೇವಿನ ನೆರಳಲ್ಲಿ ಟ್ರಂಕಿನ ಮೇಲೆ ಕೂತು ಮಗಳು, “ನಾ ಏನ ತಪ್ಪ ಹೇಳಿದೆ, ಅಪ್ಪಾ?” ಎಂದಳು.

ನನಗೆ ಇದನ್ನು ನನ್ನಪ್ಪ ಇಂಡಿ ಪಕ್ಕದ ಸಾಲೋಟಗಿಯ ಬಾವಿಯ ಹತ್ತಿರ ಕಪಾಳಕ್ಕೆ ಹೊಡೆದು ಕಲಿಸಿದ್ದ. ನನ್ನ ಮಕ್ಕಳಿಗೆ ಹಾಗೆ ಮಾಡಬಾರದೆಂದುಕೊಂಡಿದ್ದೆ. ಹೊಡೆಯಲಿಲ್ಲ, ಮೆತ್ತಗೆ ಹೇಳಿದೆ.

“ಕೆಲವು ಮಂದಿ ನಮ್ಮನ್ನ ಮುಟ್ಟಂಗಿಲ್ಲವ್ವ. ಯಾರರ ಕೇಳಿದ್ರ ಮಾಸ್ತರ ಮಗಳು ಅನ್ನು, ಸಾಕು. ಕರೀಲಾರದ ಯಾರ ಮನಿ ಒಳಗೂ ಹೋಗಬ್ಯಾಡ. ನೀರ ಕೊಟ್ರ, ಅವರು ಹೇಳೂದಕಿಂತ ಮೊದಲ ನೀನ ದೂರ ನಿಲ್ಲು.”

“ಮಾಸ್ತರ ಮಗಳು ಅನ್ನೂದು ಖರೇ ಐತಿಲ್ಲ?”

“ಖರೇನ ಐತಿ.”

“ಹಂಗಾರ ದೂರ ಯಾಕ ನಿಲ್ಲಬೇಕು?”

“ಬಸ್ಸು ಬಂತೇನು ನೋಡು,” ಎಂದೆ. ಬಸ್ಸು ಬಂದಿರಲಿಲ್ಲ.

ಮುದ್ದೇಬಿಹಾಳದಲ್ಲಿ ಮತ್ತೊಂದು ಬಸ್ಸು ಬದಲಿಸಿ ನಾಲತವಾಡ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಶಾಲೆಯ ಕೀಲಿಕೈಗಾಗಿ ಹೆಡ್‌ಮಾಸ್ತರರ ಮನೆಗೆ ಹೋದೆವು. ನಮ್ಮ ಬಗ್ಗೆ ಇನ್ನೂ ಏನೂ ತಿಳಿಯದ ಅವರ ಹೆಂಡತಿ ತಂಬಿಗೆಯಲ್ಲಿ ನೀರು ತಂದು, “ಬಾ ಮಗಳ, ಬಿಸಲಾಗ ಬಂದೀದಿ, ಕುಡಿ,” ಎಂದು ಚಾಚಿದರು.

ಶಾಂತಾ ತಂಬಿಗೆ ಮುಟ್ಟಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಮೆಟ್ಟಿಲಿಳಿದು, ಬಗ್ಗಿ ಬೊಗಸೆಯೊಡ್ಡಿದಳು. ಆ ತಾಯಿ ಒಂದು ಕ್ಷಣ ಅವಳನ್ನೂ ನನ್ನನ್ನೂ ನೋಡಿದರು. ಅವರಿಗೆ ತಿಳಿಯಿತು. ಚಾಚಿದ್ದ ತಂಬಿಗೆಯನ್ನು ಮೇಲಕ್ಕೆತ್ತಿ ನೀರು ಸುರಿದರು.

ಮಗಳು ಒಂದು ಹನಿಯೂ ಚೆಲ್ಲದೆ ಕುಡಿದಳು. ಬಾಯಿ ಒರೆಸಿಕೊಂಡು, ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದಳು.

ನಾನು ಹೌದೆಂದು ತಲೆಯಾಡಿಸಿದೆ.