ಟಿಂಕರ್ ಸಾಬರ ಬಳಪ

ನನಗಾಗ ಐವತ್ತೆರಡು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹಲಸೂರಿನಲ್ಲಿ ಮೆಹಬೂಬ್ ಸಾಬರ ಟಿಂಕರಿಂಗ್ ಶೆಡ್ಡಿನ ಎದುರು ಇಡ್ಲಿ ಮಾರುತ್ತಿದ್ದೆ. ಸಾಬರ ಕಿವಿಯ ಮೇಲೆ ಸದಾ ಒಂದು ಬಳಪ. ಈ ವಯಸ್ಸಿನಲ್ಲಿ ಅಕ್ಷರ ಕಲಿಯುತ್ತಿದ್ದಾರೇನೋ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಅವರ ಅಳತೆಕೋಲು. ಕಾರಿನ ಬಾಗಿಲು ಹಾಕಿ ಸುತ್ತಲಿನ ಸಂದಿನಲ್ಲಿ ಬಳಪ ಎಳೆಯುತ್ತಿದ್ದರು. ಎಲ್ಲೂ ತಡೆಯದೆ, ಎಲ್ಲೂ ಸಡಿಲಾಗದೆ ಓಡಬೇಕು. ಬಳಪ ಮುರಿದರೆ ಬಾಗಿಲು ಮತ್ತೆ ಬಿಚ್ಚಬೇಕು.

ಮಾತು ಕಡಿಮೆ. ನನ್ನ ಪೆಟ್ಟಿಗೆ ಅಂಗಡಿಯ ಬಾಗಿಲು ಹೊರಗಿನಿಂದ ಹಾಕಿದರೆ ಸಲೀಸು, ಒಳಗೆ ಕೂತು ಎಳೆದರೆ ಕಚ್ಚಿಕೊಳ್ಳುತ್ತಿತ್ತು. ಎರಡು ವರ್ಷ ಹೇಳಿದೆ. "ನೋಡೋಣ ಅಕ್ಕಾ" ಎನ್ನುತ್ತಿದ್ದರು, ಅಷ್ಟೇ.

ಆ ವರ್ಷ ಒಬ್ಬ ನಿವೃತ್ತ ಕರ್ನಲ್ ಹಳೇ ಕೆಂಪು ಕಾರು ತಂದ. ರೇಸಿನ ಕಾರಿನಂಥದ್ದು, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಸಾಬರು ರಿಪೇರಿ ಮಾಡಿದ ಮೇಲೆ, ಖಾಲಿ ಇದ್ದಾಗ ಬಾಗಿಲು ಬೆಣ್ಣೆಯಂತೆ ಕೂರುತ್ತಿತ್ತು. ಕರ್ನಲ್ ಒಳಗೆ ಕೂತರೆ ಮುಚ್ಚುತ್ತಲೇ ಇರಲಿಲ್ಲ. ಮೂರು ಸಲ ವಾಪಸ್ ತಂದ.

"ಇನ್ನೊಂದ್ ಸಲ ಹೀಗಾದ್ರೆ ಬೇರೆ ಕಡೆ ಕೊಡ್ತೀನಿ. ನಿಮ್ಮ ಕೈ ಹೋಯ್ತು ಸಾಬ್ರೇ, ಒಪ್ಕೊಳ್ಳಿ."

ಸಾಬರು ಎರಡು ದಿನ ಇಡ್ಲಿ ಮುಟ್ಟಲಿಲ್ಲ. ಮೂರನೇ ದಿನ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಅಕ್ಕಾ, ಬನ್ನಿ, ಗಾಡೀಲಿ ಕೂತ್ಕೊಳ್ಳಿ."

"ಎಲ್ಲಿಗ್ ಹೋಗ್ಬೇಕು?"

"ಎಲ್ಲಿಗೂ ಇಲ್ಲ."

"ತಲೆ ಕೆಟ್ಟಿದೆಯೇನ್ರೀ ನಿಮ್ಗೆ?"

"ಹಾಂ, ಕೆಟ್ಟಿದೆ. ಕೂತ್ಕೊಳ್ಳಿ."

ಮಧ್ಯಾಹ್ನದವರೆಗೆ ಕೂತೆ. ಅವರು ಬಾಗಿಲಿನ ಕೀಲಿನ ಹಿಂದೆ ತಗಡಿನ ಚೂರು ಇಡುವುದು, ತೆಗೆಯುವುದು, ಬಳಪ ಎಳೆಯುವುದು. ನಾಲ್ಕು ಬಳಪ ಮುರಿದವು. ಬೀದಿಯವರು "ಏನಮ್ಮಾ, ಊಟಿಗಾ?" ಎಂದರು. ನನಗೆ ಒಂದೂ ತಿಳಿಯಲಿಲ್ಲ. ಇಳಿದು ನೋಡಿದರೆ ಸಂದು ಸೊಟ್ಟ.

"ಹಾಳ್ ಮಾಡಿದ್ರಲ್ರೀ."

"ಖಾಲಿ ಗಾಡಿ ಯಾರು ಓಡಿಸ್ತಾರೆ ಅಕ್ಕಾ?"

ಸಂಜೆ ಕರ್ನಲ್ ಬಂದು ಕೂತು ಬಾಗಿಲು ಎಳೆದ. ಟಪ್ ಎಂದು ಮುಚ್ಚಿತು. ಸಾಬರು ಬಳಪ ಎಳೆದರು, ಎಲ್ಲೂ ನಿಲ್ಲಲಿಲ್ಲ. ಕರ್ನಲ್ ಅವರ ಕೈ ಹಿಡಿದು ಕುಲುಕಿ ಹೋದ.

"ನನ್ನೇ ಯಾಕೆ ಕೂರಿಸಿದ್ರಿ?" ಎಂದು ಕೇಳಿದೆ.

"ಕೂತ್ರೆ ಗಾಡಿ ಬಗ್ತದೆ. ಅವರ್ದೂ ನಿಮ್ದೂ ಒಂದೇ ತೂಕ."

ಚೆನ್ನಾಗಿ ಬೈದೆ. ಕೂತರೆ ಕಬ್ಬಿಣ ಹೇಗೆ ಬಗ್ಗುತ್ತದೋ, ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅವರು ನಗುತ್ತಾ, "ನಾಳೆ ನಿಮ್ಮ ಪೆಟ್ಟಿಗೆ ಬಾಗಿಲು ಮಾಡ್ತೀನಿ. ಒಳಗೆ ಕೂತಿರಿ" ಎಂದು ಕೆ.ಆರ್. ಪುರದ ಮಗಳ ಮನೆಗೆ ಬಸ್ಸು ಹತ್ತಿದರು. ಆ ರಾತ್ರಿ ಮಗಳ ಮನೆಯಲ್ಲೇ ಎದೆನೋವು ಬಂದು ತೀರಿಕೊಂಡರು. ಸುದ್ದಿ ನಮ್ಮ ಬೀದಿಗೆ ತಲುಪಲು ಎರಡು ದಿನ ಹಿಡಿಯಿತು.

ಅದು ತಿಳಿಯದೆ ಮರುದಿನ ಬೆಳಿಗ್ಗೆ ನಾನು ಪೆಟ್ಟಿಗೆಯೊಳಗೆ ಹೋಗಿ ಕೂತಿದ್ದೆ. ಯಾಕೆ ಇನ್ನೂ ಒಲೆ ಹಚ್ಚಿಲ್ಲ ಎಂದು ಕೇಳಿದ ಗಿರಾಕಿಗೆ, "ಇರಪ್ಪ, ಸಾಬ್ರು ಬರ್ಲಿ. ಕೂತಿರು ಅಂದವ್ರೆ" ಎಂದೆ.