ವೆರಿಬೀಯಲ್ಲಿ ಹೂವಿನ ಅಚ್ಚು

ಕ್ರಿಸ್‌ಮಸ್ ಸೆಖೆಯಲ್ಲಿ ನಾನು ಮೆಲ್ಬರ್ನ್‌ನ ವೆರಿಬೀಯಲ್ಲಿರುವ ಮಂಗಳೂರಿನ ಲೀನಾ ಆಂಟಿಯ ಮನೆಗೆ ಬಂದಿಳಿದಾಗ ಅವರು ಅಡುಗೆಮನೆಯಲ್ಲಿದ್ದರು. ಅವರ ಮಗ ರೋಶನ್ ಮದುವೆಯಾಗಲಿರುವ ಅಮೆರಿಕದ ಹುಡುಗಿ ಮೇಗನ್ ಮೊದಲ ಸಲ ಮನೆಗೆ ಬಂದಿದ್ದಳು. ನಿಮ್ಮದು ಯಾವ ಕಡೆ ಎಂದು ಅವಳನ್ನು ಕೇಳಿದೆ. ಕಾಲು ಭಾಗ ನಾರ್ವೆ, ಕಾಲು ಐರ್ಲೆಂಡ್, ಉಳಿದರ್ಧ ಮೆಕ್ಸಿಕೋ ಎಂದು ಅಡುಗೆಯ ಅಳತೆಯಂತೆ ಹೇಳಿದಳು. ಹೊರಗಿನ ಸೊಸೆಯೆಂದು ಬಿಗಿದಿದ್ದ ಆಂಟಿಯ ಮುಖ ಸಡಿಲವಾಗಲಿಲ್ಲ.

ಮಂಗಳೂರು ಕ್ರೈಸ್ತರ ಕ್ರಿಸ್‌ಮಸ್ ತಿಂಡಿಯಾದ ಗುಲಾಬಿ ಹೂವಿನಂಥ ಕುಕೀಸ್ ಕರಿಯಲು ಅವರು ಹೂವಿನ ಅಚ್ಚು ತೆಗೆದದ್ದೇ ತಡ, ಮೇಗನ್ ಅದನ್ನು ತೆಗೆದುಕೊಂಡು ಎಣ್ಣೆಯಲ್ಲಿ ಕಾಯಿಸಿ, ಮೇಲಂಚು ಮುಳುಗದಂತೆ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಿದಳು. ಹೂವು ತಾನಾಗಿ ಬಿಟ್ಟುಕೊಂಡು ತೇಲಿತು. ನಾರ್ವೆಯ ಅಜ್ಜಿ ಕಲಿಸಿದ್ದು ಎಂದಳು; ಅವರ ಮನೆಯಲ್ಲೂ ಕ್ರಿಸ್‌ಮಸ್‌ಗೆ ಇದೇ ತಿಂಡಿಯಂತೆ.

ಆಂಟಿ ಗಾಬರಿಯಾಗಿ ನನ್ನತ್ತ ತಿರುಗಿದರು. "ಆ ಅಜ್ಜಿ ಮಂಗಳೂರಲ್ಲಿ ಯಾವ ಇಗರ್ಜಿಯವರು, ಯಾವ ಚರ್ಚಿನವರು ಅಂತ ಸರಿಯಾಗಿ ಕೇಳಿ ಮಾರಾಯ್ರೆ. ನಮಗೆ ಹತ್ತಿರದ ಸಂಬಂಧ ಆದ್ರೆ ಮದುವೆ ಮಾಡ್ಲಿಕ್ಕೆ ಆಗುದಿಲ್ಲ!"