ಪಾರ್ಕಿನಲ್ಲಿ ಎರಡು ಬೆಲ್

ಖಾನಾಪುರದ ಮನೆ ಮುಟ್ಟುವಷ್ಟರಲ್ಲಿ ನಾವು ಇದನ್ನೊಂದು ನಗುವ ಕತೆ ಮಾಡಿಕೊಂಡಿರುತ್ತೇವೆ. ಅದಕ್ಕೇ ಬಸ್ಸಿನಲ್ಲೇ ಬರೆಯುತ್ತಿದ್ದೇನೆ.

ನನ್ನ ಗಂಡ ಈರಣ್ಣನ ನೋಟ ಮತ್ತಷ್ಟು ಕುಗ್ಗಿದೆ, ಇನ್ನು ಸೈಕಲ್ ಬೇಡ ಎಂದು ಬೆಳಗಾವಿಯ ಕಣ್ಣಿನ ಡಾಕ್ಟರು ಹೇಳಿದರು. ಆದರೂ ಪ್ರತಿ ಸಲದಂತೆ ಪಾರ್ಕಿಗೆ ಹೋಗಿ ಬಾಡಿಗೆ ಸೈಕಲ್ ಹತ್ತಿದೆವು. ಮುಂದೆ ಮಗಳು ಸುಮಾ ಬೆಲ್ ಬಾರಿಸುತ್ತ, ಆ ಸದ್ದು ಹಿಡಿದು ಈರಣ್ಣ, ಕೊನೆಗೆ ನಾನು.

"ಪಪ್ಪಾ, ಬಲಕ್ಕ ಹೊಳ್ಳತೀನಿ!"

"ಕಾಣತೈತಿ ಬಿಡವಾ. ನಿಮ್ಮವ್ವಗ ಹೇಳು, ಎಮ್ಮಿ ನಡದಂಗ ಬರಾಕತ್ತಾಳ."

ನಕ್ಕೆವು. ಮೋಡ ಕವಿದಿತ್ತು, ಕಾರಂಜಿ ನಿಂತಿತ್ತು. ಒದ್ದೆ ಎಲೆಗಳ ಮೇಲೆ ಗಾಲಿ ಉರುಳುವ ಸದ್ದು ಮಾತ್ರ ಎಂದಿನಂತೆ ಹಿತವಾಗಿತ್ತು.

ತಿರುವಿನಲ್ಲಿ ಸೈಕಲ್ ಮೇಲಿದ್ದ ಬೇರೊಂದು ಕುಟುಂಬ ಎದುರಾಯಿತು. ಅವರ ಹುಡುಗಿಯೂ ಬೆಲ್ ಬಾರಿಸುತ್ತ ಎಡಕ್ಕೆ ಹೋದಳು. ಸುಮಾ ಬಲಕ್ಕೆ ಹೊರಳಿದಳು. ಈರಣ್ಣ ಎಡಕ್ಕೆ ಹೋದ, ಆ ಹುಡುಗಿಯ ಹಿಂದೆ, ನೆಟ್ಟಗೆ ಕೂತು, ಖುಷಿಯಿಂದ.

"ಶಾಣ್ಯಾಕಿ ನನ್ನ ಮಗಳು. ಸಾವಕಾಶ ಹೊಡಿ."

ಹುಡುಗಿ ತಿರುಗಿ ನೋಡಿ ತನ್ನ ತಾಯಿಯನ್ನು ಕೇಳಿದಳು: "ಆಯಿ, ಈ ಕಾಕಾ ಯಾರು?"

ಸುಮಾ ಸೈಕಲ್ ನಿಲ್ಲಿಸಿದ್ದಳು. ಹೆಬ್ಬೆರಳು ಬೆಲ್ಲಿನ ಮೇಲೇ ಇತ್ತು.

"ಅವ್ವಾ, ಬಾರಸಲೇನು? ಬಾರಸಿದ್ರ ಪಪ್ಪಾಗ ತಾ ತಪ್ಪಿದ್ದು ಗೊತ್ತಾಗತೈತಿ."